ಹೆಸರು ಕೊರೆಸಿದ ಡಬ್ಬಿ

೧೨ ಫೆಬ್ರವರಿ ೨೦೦೩, ಬುಧವಾರ

ಇವತ್ತೂ ಅದೇ. ಪಾಠ ಮುಗಿಸಿ, ಲ್ಯಾಬ್ ಬಾಗಿಲು ಮುಂದೆ ಮಾಡಿಕೊಂಡು, ಮೇಕೆ ಮಾಂಸದ ತುಂಡಿಗೆ ನಾಲ್ಕು ಸೂಜಿ ಚುಚ್ಚಿ, ರೀಡಿಂಗ್ ತಗೊಂಡೆ. ಸ್ನಾಯುವಿನ ಎಳೆಯ ಉದ್ದಕ್ಕೆ ಕರೆಂಟ್ ಸಲೀಸು. ಅಡ್ಡಕ್ಕೆ ರೋಧ ಜಾಸ್ತಿ. ನನ್ನ ಎಂ.ಫಿಲ್. ಗೈಡ್ ಖುಷಿಯಾಗ್ತಾರೆ.

ಮಾಂಸ ತಂದುಕೊಡುವವಳು ಫೈನಲ್ ಬಿ.ಎಸ್ಸಿ.ಯ ಜರೀನಾ. ನಾನೇ ಕೇಳಿಕೊಂಡಿದ್ದು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಹರಪನಹಳ್ಳಿಯಲ್ಲಿ ಮಟನ್ ಅಂಗಡಿ ಮುಂದೆ ನಿಂತರೆ ನನಗಿಂತ ಮೊದಲು ಸುದ್ದಿ ಮನೆ ಸೇರುತ್ತದೆ. ಕಾಲೇಜಿನಲ್ಲೂ ಯಾರಿಗೂ ಹೇಳಿಲ್ಲ.

ಮನೆಗೆ ಬಂದೊಡನೆ ಸ್ನಾನ. "ಎರಡೆರಡು ಸಲ ಯಾಕ ಜಳಕ ಮಾಡ್ತಿ?" ಅಂದರು ಅತ್ತೆ. ಧೂಳು ಅಂದೆ.

೧೭ ಫೆಬ್ರವರಿ, ಸೋಮವಾರ

ಥೂ, ನನ್ನ ಜನ್ಮಕ್ಕೆ! ಶನಿವಾರ ಜರೀನಾ ತಂದುಕೊಟ್ಟ ಮಾಂಸದ ಡಬ್ಬಿ ಲ್ಯಾಬಿನ ಬೀರುವಿನಲ್ಲೇ ಮರೆತಿದ್ದೆ. ಇವತ್ತು ವಾಸನೆ ಹಿಡಿದು ಅಟೆಂಡರ್ ಮಂಜಣ್ಣ ತೆಗೆದ. ಸ್ಟೀಲ್ ಡಬ್ಬಿ. ಮೇಲೆ ಅವಳ ತಾಯಿಯ ಹೆಸರು ಕೊರೆಸಿದೆ — ಅಜೀಜಬಿ.

ಪ್ರಿನ್ಸಿಪಾಲರು ಜರೀನಾಳನ್ನು ಕರೆಸಿದರು. "ಲ್ಯಾಬ್ ಅಂದ್ರ ಏನ್ ತಿಳ್ಕಂಡೀಯಮ್ಮಾ?"

ಅವಳು ನನ್ನ ಮುಖ ನೋಡಿದಳು. ನಾನು ಗೋಡೆಯ ಚಾರ್ಟ್ ನೋಡಿದೆ.

"ಮನಿಗೆ ಒಯ್ಯೋದಿತ್ರಿ ಸರ್. ಮರ್ತೆ."

ಇನ್ನು ಲ್ಯಾಬಿಗೆ ಕಾಲಿಡಬೇಡ ಅಂದರು. ಮನೆಗೂ ಹೇಳಿಕಳಿಸಿದರು. ಮುಂದಿನ ತಿಂಗಳು ಪ್ರಾಕ್ಟಿಕಲ್ ಪರೀಕ್ಷೆ... ಅದು ನನ್ನದು ಅಂತ ಒಂದು ಮಾತು ಸಾಕಿತ್ತು.

೧೮ ಫೆಬ್ರವರಿ

ಸ್ಟಾಫ್ ರೂಮಿನಲ್ಲಿ ಅದೇ ಮಾತು. "ಎಷ್ಟ್ ಓದಿದ್ರೂ ಆ ಮಂದಿ ಅಷ್ಟ ನೋಡ್ರಿ" ಅಂದರು ಕೆಮಿಸ್ಟ್ರಿಯ ಗುರುಶಾಂತ. ನಾನು ತಲೆಯಾಡಿಸಿದೆ. ತಲೆಯಾಡಿಸಿದೆ! ನನ್ನ ಮೇಲೆ ನನಗೇ ಹೇಸಿಗೆ.

೨೪ ಫೆಬ್ರವರಿ, ಸೋಮವಾರ

ಜರೀನಾ ಕಾಲೇಜಿಗೇ ಬರುತ್ತಿಲ್ಲ. ಸಂಜೆ ಅವರ ಮನೆಗೆ ಹೋದೆ. ಮೊದಲು ಅಲ್ಲಿ ಒಪ್ಪಿಕೊಂಡು, ನಾಳೆ ಪ್ರಿನ್ಸಿಪಾಲರ ಹತ್ತಿರ ಹೇಳಿಬಿಡುವುದು ಅಂತ.

ಅಜೀಜಬಿ ಚಾಪೆ ಹಾಸಿದರು. "ನಮ್ಮನ್ಯಾಗಿನ ಚಾ ನಿಮಗ ನಡೆಯಂಗಿಲ್ಲ, ಗೊತ್ತೈತ್ರಿ" ಅಂತ ಅಂಗಡಿಯಿಂದ ಬಾಳೆಹಣ್ಣು ತರಿಸಿದರು. ನಡೆಯುತ್ತದೆ ಅನ್ನಬಹುದಿತ್ತು. ಹಣ್ಣು ಸುಲಿದೆ.

"ಅಲ್ಯಾಕ ಇಟ್ಟಿದ್ದಿ ಅಂದ್ರ ಬಾಯೇ ಬಿಡವಲ್ಲಳ್ರಿ. ಅವರಪ್ಪ ಕಾಲೇಜು ಬಿಡಿಸ್ತೀನಿ ಅಂತಾರ. ನಿಮ್ಮ ಮಾತಂದ್ರ ಕೇಳ್ತಾಳ ಮೇಡಂ. ನೀವ ಒಂದಿಷ್ಟು ಬುದ್ಧಿ ಹೇಳ್ರಿ."

ಜರೀನಾ ಒಳಬಾಗಿಲಲ್ಲಿ ನಿಂತಿದ್ದಳು. ಮನೆಯವರಿಗೂ ಹೇಳಿಲ್ಲ, ಹುಡುಗಿ.

ಬಾಯಿ ತೆರೆದೆ. "ಇನ್ನೊಮ್ಮೆ ಹಂಗ ಮಾಡಬೇಡಮ್ಮಾ" ಅಂದೆ.

"ಆಯ್ತ್ರಿ ಮೇಡಂ" ಅಂದಳು. ಆಮೇಲೆ ನಾನು ಏನನ್ನೂ ಒಪ್ಪಿಕೊಳ್ಳದೆ, ಉಳಿದ ಬಾಳೆಹಣ್ಣು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.