ಅಪ್ಪ ಕೂರುತ್ತಿದ್ದ ಹಾಗೆ

ಗಡಹಿಂಗ್ಲಜ
೧೪-೧೦-೧೯೮೪

ಪ್ರೀತಿಯ ತಮ್ಮ ದುಂಡಪ್ಪನಿಗೆ, ಅಕ್ಕ ಇಂದುಬಾಯಿ ತಲೆ ಸವರಿ ಮಾಡುವ ಆಶೀರ್ವಾದ.

ನಾನೂ ಅವ್ವನೂ ಆರಾಮ. ನಿನ್ನ ಆರೋಗ್ಯ ಹೇಗಿದೆ? ಪದ್ಧತಿಗೆಂದು ಕೇಳುತ್ತಿಲ್ಲ, ಸರಿಯಾಗಿ ಉತ್ತರ ಬರೆ. ಊಟ ಸೇರುತ್ತಿದೆಯೇ? ಬೆನ್ನುನೋವು ಇಳಿಯಿತೇ? ಇಚಲಕರಂಜಿ ಪಕ್ಕದ ಆ ಕೊರೋಚಿಯ ಮಗ್ಗಗಳ ಸದ್ದಿಗೆ ನಿನ್ನ ಕಿವಿ ಮಂದವಾಗಿರಬಹುದು, ಕಣ್ಣಂತೂ ನೆಟ್ಟಗಿದೆಯಲ್ಲ, ಪೂರಾ ಓದು.

ದಸರೆಗೆ ನೀನು ಬಂದು ಹೋದಾಗಿನಿಂದ ಅವ್ವನದು ಒಂದೇ ಮಾತು. ಬನ್ನಿ ಕೊಡಲು ಬಂದವರೆಲ್ಲ ಪಡಸಾಲೆಯಲ್ಲಿ ನಿನ್ನನ್ನು ನೋಡಿ ನಿಂತುಬಿಟ್ಟರು. ನೀನು ದಿಂಬನ್ನು ಹೊಟ್ಟೆಗೆ ಅವಚಿಕೊಂಡು, ಮುಂದಕ್ಕೆ ಬಾಗಿ ಕೂತಿದ್ದೆ. "ಥೇಟ ಸಿದ್ರಾಮ ಮಾವ ಕುಂತಂಗ ಕುಂತಾನ ನೋಡ್ರಿ" ಎಂದು ಅಪ್ಪನನ್ನು ನೆನೆದಳು ಎದುರುಮನೆಯ ತಾರವ್ವ. ಅವ್ವ ಕಣ್ಣೊರೆಸಿಕೊಂಡು ನಿನಗೆ ದೃಷ್ಟಿ ತೆಗೆದಳು. "ಇಷ್ಟ ವರ್ಷದ ಮ್ಯಾಲ ಅವರು ಮತ್ತ ಮನೀಗೆ ಬಂದಂಗ ಆತು" ಎಂದಳು. ನೀನು ತೆಳ್ಳಗಾದದ್ದನ್ನೂ ಎಲ್ಲರೂ ಹೊಗಳಿದರು. ಹೋಳಿಗೆ ಮುಟ್ಟದೆ ಎದ್ದದ್ದಕ್ಕೆ ಮಾತ್ರ ಹಸಿವು ಕೆಡಿಸುವ ಇಚಲಕರಂಜಿಯ ಚಹಾವನ್ನು ಬಯ್ದರು.

ಅಂದಿನಿಂದ ನನಗೆ ಅಪ್ಪನದೇ ನೆನಪು. ಮುರಗೂಡದ ಸಂತೆಯಲ್ಲಿ ಶೇಂಗಾ ಮಾರಿ ಬಂದನೆಂದರೆ ಗೋಡೆಗೆ ಬೆನ್ನು ಆನಿಸಿ, ಎರಡೂ ಕಾಲು ಹೊಸ್ತಿಲ ತನಕ ಚಾಚಿ ಕೂರುತ್ತಿದ್ದ. ದೊಡ್ಡವರ ಕಾಲು ದಾಟಬಾರದಲ್ಲ, ಹೊರಗೆ ಹೋಗುವವರೆಲ್ಲ "ಅಪ್ಪಾ, ಕಾಲು" ಎನ್ನಬೇಕಾಗಿತ್ತು. ನೀನಂತೂ ಆ ಕಾಲುಗಳ ಮೇಲೇ ಬಂಡಿ ಹೂಡಿ ಕೊಲ್ಲಾಪುರಕ್ಕೆ ಹೊರಡುತ್ತಿದ್ದೆ. ಅಪ್ಪ ನಗುತ್ತ, "ನಿಪ್ಪಾಣಿ ಬಂತ್ರಿ ಸಾಹುಕಾರ, ಚಹಾ ಕುಡದ ಹೋಗೂಣು" ಎನ್ನುತ್ತಿದ್ದ. ಎಷ್ಟು ಸುಖದ ಮನೆಯಾಗಿತ್ತು ಅದು.

ತಾರವ್ವ ನಿನ್ನನ್ನು ಕೇಳಿದ್ದಾಳೆ. ಅವ್ವ ಶೇಂಗಾ ಚಟ್ನಿ ಕುಟ್ಟಿಟ್ಟಿದ್ದಾಳೆ. ಬನ್ನಿ ಕೊಟ್ಟು ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ, ಬಂಗಾರದಂಗ ಇರು.

ನಿನ್ನ ಅಕ್ಕ,
ಇಂದುಬಾಯಿ

ತಾ.ಕ.: ಅವ್ವ ಇಲ್ಲಿಯತನಕ ಪಕ್ಕದಲ್ಲೇ ಕೂತು ಓದಿಸಿಕೊಂಡಳು, ಈಗ ಒಳಗೆ ಹೋದಳು. ದುಂಡಪ್ಪಾ, ಅಪ್ಪ ದಿಂಬು ಅವಚಿ ಕೂತದ್ದು ಕೊನೆಯ ವರ್ಷ ಮಾತ್ರ. ನೀನಾಗ ಮಗ್ಗ ಕಲಿಯಲು ಹೋಗಿದ್ದೆ. ಮೂಟೆ ಹೊತ್ತ ಬೆನ್ನು ಎಂದು ಎಣ್ಣೆ ತಿಕ್ಕಿದೆವು. ಕಣ್ಣು ಹಳದಿಯಾದಾಗ ಕಾಮಾಲೆ ಎಂದು ಬೇರಿನ ಮಾಲೆ ಹಾಕಿಸಿದೆವು. ಮಿರಜದ ಡಾಕ್ಟರು ಹೇಳುವ ಹೊತ್ತಿಗೆ ಕೈ ಮೀರಿತ್ತು. ಹೊಟ್ಟೆಯ ಹಿಂದೆ ಮೇದೋಜೀರಕ ಗ್ರಂಥಿ ಎಂದು ಇರುತ್ತದಂತೆ, ಅದಕ್ಕೆ ಕ್ಯಾನ್ಸರ್. ನೋವು ಬೆನ್ನಿಗೆ ಬರುತ್ತದೆ, ಮುಂದಕ್ಕೆ ಬಾಗಿದರೆ ತುಸು ತಗ್ಗುತ್ತದೆ, ಅದಕ್ಕೇ ಹಾಗೆ ಕೂರುತ್ತಾರೆ ಎಂದರು. ಬೇಗ ಬಂದಿದ್ದರೆ ಆಪರೇಶನ್ ಮಾಡಿ ನೋಡಬಹುದಿತ್ತಂತೆ. ನಿನಗೂ ಅದೇ ಎನ್ನುತ್ತಿಲ್ಲ, ಬೇರೇನೋ ಇರಬಹುದು, ಆದರೆ ನನಗೆ ಭಯವಾಗಿದೆ. ೨೨ನೇ ತಾರೀಖು ಸೋಮವಾರ ಮೊದಲ ಎಸ್‌ಟಿ ಬಸ್ಸಿಗೆ ಕೊಲ್ಲಾಪುರ ಸ್ಟ್ಯಾಂಡಿಗೆ ಬರುತ್ತೇನೆ, ನೀನೂ ಬಾ, ದೊಡ್ಡ ಆಸ್ಪತ್ರೆಗೆ ತೋರಿಸೋಣ. ಎಣ್ಣೆ, ಮಾಲೆ ಏನೂ ಬೇಡ. ಬೀಡಿ ಬಿಡು. ಅಪ್ಪನ ಹಾಗೆ ಕೂರಬೇಕೆಂದರೆ ಕಾಲು ಚಾಚಿ ಕೂರು, ನಾವೆಲ್ಲ ನಿನ್ನನ್ನು ಕೇಳಿಕೊಂಡೇ ಹೊರಗೆ ಹೋಗುತ್ತೇವೆ.