ಕಾಯಲೇ ಇಲ್ಲವಂತೆ ನೀನು

ವಸಂತಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ಇದು ಕ್ಷೇಮಸಮಾಚಾರದ ಕಾಗದವಲ್ಲ. ವಿಜಯನಗರಕ್ಕೂ ಬಸವೇಶ್ವರನಗರಕ್ಕೂ ನಡುವೆ ನಾವು ಯಾವತ್ತು ಕಾಗದ ಬರೆದುಕೊಂಡಿದ್ದೇವೆ? ಫೋನಿನಲ್ಲೇ ಜಗಳವಾಗಿ ಫೋನಿನಲ್ಲೇ ರಾಜಿಯಾಗುತ್ತಿತ್ತು. ಈಗ ನಿನ್ನ ನಂಬರಿಗೆ ಮಾಡಿದರೆ ಭಾವ ಎತ್ತುತ್ತಾರೆ. "ಊಟ ಆಯ್ತಾ ಶೈಲಾ?" ಅನ್ನುತ್ತಾರೆ, ಆಯ್ತು ಎಂದು ನಾನು ಇಟ್ಟುಬಿಡುತ್ತೇನೆ. ಹೊಟ್ಟೆಯಲ್ಲಿ ಅಸಹ್ಯ ತುಂಬಿಕೊಂಡು ಕೂತಿದ್ದೇನೆ ಅಕ್ಕ. ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಆ ಬೆಳಿಗ್ಗೆ ನಾನು ಬಂದಾಗ ನೀನು ಕನ್ನಡಿಯ ಮುಂದೆ ನಿಂತಿದ್ದೆ. ಭಾವ ಕೆಂಗೇರಿಗೆ ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದರು. ಎದೆಯಲ್ಲಿ ಒಂಥರಾ ಆಗುತ್ತಿದೆ, ಬಾ ಎಂದು ಕರೆದವಳು ನೀನೇ. ಬಿದ್ದೆನೋ ಎದ್ದೆನೋ ಎಂದು ಓಡಿ ಬಂದರೆ, ನೀನು ಮನೆಯ ಸೀರೆ ಬದಲಿಸಿ, ಇಸ್ತ್ರಿ ಮಾಡಿದ ಹಸಿರು ಸೀರೆಯುಟ್ಟು ಕುಂಕುಮ ತಿದ್ದಿಕೊಳ್ಳುತ್ತಿದ್ದೀಯ! "ಮದುವೆಗೆ ಹೋಗ್ತಾ ಇದೀವೇನಕ್ಕ?" ಎಂದು ರೇಗಿದೆ. "ನಾಲ್ಕು ಜನ ಇರೋ ಜಾಗ ಕಣೇ, ಹೀಗೇ ಹೋದ್ರೆ ಏನಂದ್ಕೋತಾರೆ?" ಎಂದು ಜಡೆಗೆ ಹೂವನ್ನೂ ಮುಡಿದುಕೊಂಡೆ ನೀನು. ಅಮ್ಮ ಕಲಿಸಿದ್ದೇ ಹಾಗಲ್ಲವೇ, ಹೊಸ್ತಿಲು ದಾಟಬೇಕಾದರೆ ಅಚ್ಚುಕಟ್ಟಾಗಿರಬೇಕು, ಪ್ರಾಣ ಹೋಗುತ್ತಿದ್ದರೂ. ಆಸ್ಪತ್ರೆಯ ಬಾಗಿಲಲ್ಲಿ ವೀಲ್‌ಚೇರ್ ತಂದವನಿಗೆ "ಬೇಡಪ್ಪ, ಯಾರಾದ್ರೂ ಕಷ್ಟದಲ್ಲಿರೋರಿಗೆ ಕೊಡು" ಎಂದು ಹೇಳಿ, ನಡೆದುಕೊಂಡೇ ಎಮರ್ಜೆನ್ಸಿಯೊಳಗೆ ಹೋದೆ.

"ಏನ್ ಪ್ರಾಬ್ಲಮ್ ಆಂಟಿ?" ಎಂದು ಕೌಂಟರಿನ ನರ್ಸ್ ಕೇಳಿದಾಗ ನೀನು ಕೊಟ್ಟ ಉತ್ತರ ಈಗಲೂ ಕಿವಿಯಲ್ಲಿದೆ. "ಏನಿಲ್ಲಮ್ಮ, ಸ್ವಲ್ಪ ಗ್ಯಾಸ್ ಇರ್ಬೇಕು. ನಿಧಾನಕ್ಕೆ ನೋಡಿ." ಆ ಹುಡುಗಿ ನಿನ್ನ ಸೀರೆ ನೋಡಿದಳು, ಹೂವು ನೋಡಿದಳು, ನಗುವ ಮುಖ ನೋಡಿದಳು. ನಾಡಿಯನ್ನು ಮಾತ್ರ ನೋಡಲಿಲ್ಲ. ಕೈಗೊಂದು ಟೋಕನ್ ಕೊಟ್ಟು ಕೂರಿಸಿದಳು. ನಮ್ಮ ಕಡೆಯ ಯಾವ ಹೆಂಗಸು ತಾನೇ ಎದೆನೋವನ್ನು ಎದೆನೋವು ಎಂದು ಹೇಳಿದ್ದಾಳೆ? ಗ್ಯಾಸು, ಪಿತ್ತ, ಸುಸ್ತು, ನಿನ್ನೆ ತಿಂದ ಬೋಂಡ... ಏನಾದರೂ ಒಂದು ನೆಪ. ಬೆಳಗಾದರೆ ಇಂಥ ಹೆಂಗಸರನ್ನೇ ನೋಡುವ ಆಸ್ಪತ್ರೆಗೆ ಇಷ್ಟು ತಿಳಿಯದಿದ್ದರೆ ಆ ಗಾಜಿನ ಗೋಡೆ, ಆ ಹವಾನಿಯಂತ್ರಣ ಎಲ್ಲ ಯಾತಕ್ಕೆ?

ರಾಜಾಜಿನಗರದ ಪೋಸ್ಟಾಫೀಸಿನಲ್ಲಿ ನೀನು ಕೌಂಟರಿಗೆ ಕೂರುತ್ತಿದ್ದ ಕಾಲ ನೆನಪಾಯಿತು. ಸರತಿ ಮುರಿದು ಬಂದ ದೊಡ್ಡ ಮನುಷ್ಯರನ್ನೂ ಹಿಂದಕ್ಕೆ ಕಳಿಸಿ, ಮನೆಗೆ ಬಂದು ನಮಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆ. ಆ ನಿಯಮವನ್ನೇ ನೀನು ಆಸ್ಪತ್ರೆಗೂ ತಂದೆ. ನಾನು ಎದ್ದು ಹೋಗಿ, "ಸಿಸ್ಟರ್, ಅಕ್ಕ ತುಂಬಾ ಬೆವರ್ತಾ ಇದಾರೆ, ಸ್ವಲ್ಪ ಬೇಗ ನೋಡ್ರಮ್ಮಾ" ಎಂದರೆ, "ಆಂಟಿ, ಎಲ್ರೂ ವೇಯ್ಟ್ ಮಾಡ್ತಾನೇ ಇದಾರೆ. ನಂಬರ್ ಬಂದಾಗ ಕರೀತೀವಿ" ಎಂಬ ಉತ್ತರ. ನೀನು ನನ್ನ ಸೆರಗು ಹಿಡಿದೆಳೆದೆ. "ಗಲಾಟೆ ಮಾಡ್ಬೇಡ ಶೈಲೂ. ಕೌಂಟರ್ ಹಿಂದೆ ಕೂತೋರ ಕಷ್ಟ ನಂಗೊತ್ತು." ಅಷ್ಟರಲ್ಲಿ ಬೆರಳು ಉಳುಕಿಸಿಕೊಂಡ ಒಬ್ಬ ಬಂದ. ಟೇಬಲ್ ಗುದ್ದಿ "ಯಾರ್ರೀ ಇಲ್ಲಿ ದೊಡ್ಡೋರು, ಕರೀರಿ ಅವ್ರನ್ನ!" ಎಂದು ಅರಚಿದ. ಅವನನ್ನು ತಕ್ಷಣ ಒಳಗೆ ಕರೆದುಕೊಂಡು ಹೋದರು. ನೀನು ಅವನಿಗೂ ಕಾಲು ಸರಿಸಿ ದಾರಿ ಬಿಟ್ಟೆಯಲ್ಲ, ಥೂ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಮೇಲೆ ಟ್ಯಾಬ್ ಹಿಡಿದುಕೊಂಡು ಒಬ್ಬಳು ಹುಡುಗಿ ಬಂದಳು. ನಮ್ಮ ಸೇವೆ ಹೇಗಿದೆ, ಒಂದು ಮುಖ ಒತ್ತಿ ಎಂದಳು. ನಗುವ ಮುಖ, ಸಪ್ಪೆ ಮುಖ, ಅಳುವ ಮುಖ. ಒಬ್ಬ ಡಾಕ್ಟರೂ ನಿನ್ನನ್ನು ಮುಟ್ಟಿರಲಿಲ್ಲ, ಯಾವ ಸೇವೆ, ಯಾವ ಮುಖ? "ನಡಿಯಮ್ಮ ಆ ಕಡೆ" ಎಂದು ನಾನು ಬೈಯುವುದರೊಳಗೆ ನೀನು ಕೈ ಚಾಚಿ ಎಲ್ಲಕ್ಕಿಂತ ದೊಡ್ಡದಾಗಿ ನಗುತ್ತಿದ್ದ ಮುಖ ಒತ್ತಿಬಿಟ್ಟೆ. "ಪಾಪ, ಕಮ್ಮಿ ಕೊಟ್ರೆ ಆ ಮಗೂಗೆ ಬೈತಾರೆ ಕಣೇ" ಎಂದೆ. ಹುಡುಗಿ ಥ್ಯಾಂಕ್ಯೂ ಹೇಳಿ ಪಕ್ಕದವರ ಹತ್ತಿರ ಹೋದಳು. ನೀನು ನನ್ನ ಹೆಗಲಿಗೆ ಒರಗಿದೆ. ನಿದ್ದೆ ಬಂತೇನೋ ಅಂದುಕೊಂಡೆ. ಆಮೇಲೆ ನಾನು ಕಿರುಚಿದ್ದಕ್ಕೆ ಎಲ್ಲೆಲ್ಲಿದ್ದರೋ, ನರ್ಸುಗಳು, ಡಾಕ್ಟರುಗಳು, ಮಿಷನ್ನುಗಳು, ಎಲ್ಲ ಒಟ್ಟಿಗೆ ಓಡಿ ಬಂದವು. ಅಷ್ಟೊತ್ತು ಇವರೆಲ್ಲ ಎಲ್ಲಿದ್ದರು ಅಕ್ಕ?

ನಿನ್ನ ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಎಲೆ ಹಾಕುವಾಗ ನಿನ್ನ ಫೋನಿಗೆ ಒಂದು ಮೆಸೇಜ್ ಬಂತು. ಭಾವ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. ವಸಂತಾ ಅವರೇ, ನಮ್ಮ ಆಸ್ಪತ್ರೆಯನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದ, ಬೇಗ ಗುಣಮುಖರಾಗಿ. ನಾನು ಕೈಯಲ್ಲಿದ್ದ ಎಲೆಗಳನ್ನು ಅಲ್ಲೇ ಇಟ್ಟು ಹಿತ್ತಲಿಗೆ ಹೋಗಿ ನಿಂತೆ. ಅದಕ್ಕಿಂತ ಹೆಚ್ಚು ಸಂಕಟವಾದದ್ದು ಇನ್ನೊಂದು. ಬಂದವರೆಲ್ಲ ಹೇಗಾಯಿತು ಎಂದು ಕೇಳುವರು, ಭಾವ ಎಲ್ಲರಿಗೂ ಒಂದೇ ಮಾತು ಹೇಳುವರು: "ಅವಳೇ ಗ್ಯಾಸ್ ಅಂದ್ಲಂತೆ." ಬಂದವರು ಲೊಚಗುಟ್ಟಿ, "ಅಯ್ಯೋ, ಸರಿಯಾಗಿ ಹೇಳ್ಬಾರ್ದಿತ್ತಾ?" ಎನ್ನುವರು. ಸತ್ತವಳು ನೀನು, ತಪ್ಪೂ ನಿನ್ನದೇ. ಸಂಕೋಚ ಪಟ್ಟದ್ದಕ್ಕೆ ಇದು ಮರ್ಯಾದೆಯೇ? ಆವತ್ತೇ ತೀರ್ಮಾನ ಮಾಡಿ ಆಸ್ಪತ್ರೆಗೆ ದೂರು ಕೊಟ್ಟೆ.

ಹೋದ ವಾರ ನಮ್ಮಿಬ್ಬರನ್ನೂ ಮಾತಿಗೆ ಕರೆದರು. ಭಾವನಿಗೆ ಇಷ್ಟವಿರಲಿಲ್ಲ. "ಹೋದೋಳು ಬರ್ತಾಳಾ, ಯಾಕೆ ಸುಮ್ನೆ" ಎನ್ನುತ್ತಲೇ ಬಂದರು. ರೋಗಿಗಳ ತೃಪ್ತಿ ನೋಡಿಕೊಳ್ಳುವುದಕ್ಕೇ ಅಲ್ಲೊಬ್ಬ ಮ್ಯಾನೇಜರ್ ಇದ್ದಾನೆ, ಅದಕ್ಕೂ ಒಂದು ಕೋಣೆ, ಮೆತ್ತನೆ ಸೋಫಾ. ನಮಗಾಗಿ ಕಾಫಿ, ಬಿಸ್ಕತ್ತು. ಅಲ್ಲಿ ಕಾಯಿಸಲಿಲ್ಲ ನೋಡು, ಕುಳಿತ ಕೂಡಲೇ ಬಂದ! ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿ ನೀನು ಒತ್ತಿದ ಆ ನಗುಮುಖ ತೋರಿಸಿದ. "ನೋಡಿ ಸಾರ್, ಮೇಡಂ ಅವ್ರೇ ಎಕ್ಸಲೆಂಟ್ ಕೊಟ್ಟಿದಾರೆ." ಯಾರದೋ ಕೆಲಸ ಉಳಿಯಲಿ ಎಂದು ನೀನು ಒತ್ತಿದ್ದನ್ನು ನಿನ್ನ ಮೇಲೇ ಸಾಕ್ಷಿ ಮಾಡಿಕೊಂಡಿದ್ದರು. ಇಂಥ ಹೇಸಿಗೆಯನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ಭಾವ ತಲೆ ತಗ್ಗಿಸಿದರು. ಕುಟುಂಬಕ್ಕೆ ಸಮಾಧಾನವಾಗಿದೆ ಎಂಬ ಒಂದು ಕಾಗದ ಮುಂದೆ ಬಂತು. ಭಾವ ಪೆನ್ ತೆಗೆದರು. ನಾನು ಮುಖ ತಿರುಗಿಸಿಕೊಂಡೆ. ಅವರು ಸಹಿ ಹಾಕಿದ್ದರೆ ನಿನ್ನ ತಪ್ಪು ಎಂದೇ ಶಾಶ್ವತವಾಗಿ ಉಳಿಯುತ್ತಿತ್ತು.

ಆಗ ಆ ಮಹಾರಾಯ ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದುಬಿಡುತ್ತಿದ್ದ. ಇನ್ನಷ್ಟು ಸಮಾಧಾನ ಮಾಡಲು ಹೋದ. ಕೌಂಟರಿನ ನರ್ಸ್ ಮಾತಾಡಿಸಿದರೆ ರೋಗಿಯನ್ನು ನೋಡಿದ ಹಾಗೇ ಅವರ ಲೆಕ್ಕದಲ್ಲಿ. "ಸಿಸ್ಟಮ್ ಪ್ರಕಾರ ಮೇಡಂ ಕಾಯಲೇ ಇಲ್ಲ ಸಾರ್. ಬಂದ ತಕ್ಷಣ ಅಟೆಂಡ್ ಮಾಡಿದೀವಿ" ಎಂದ.

ಭಾವ ನಿಧಾನವಾಗಿ ತಲೆಯೆತ್ತಿದರು. "ಏನಂದ್ರಿ? ಅವಳು ಕಾಯಲೇ ಇಲ್ವಾ?"

"ನಮ್ಮ ರೆಕಾರ್ಡಲ್ಲಿ ಹಾಗೇ ಇದೆ ಸಾರ್."

ಅಕ್ಕ, ನಿನ್ನ ಗಂಡ ದನಿ ಎತ್ತಿದ್ದನ್ನು ನೀನು ಸಂಸಾರ ಮಾಡಿದಷ್ಟು ದಿನವೂ ಕೇಳಿರಲಾರೆ. ನಾನು ಕೇಳಿದೆ. "ನಿಮಗೆ ತೊಂದ್ರೆ ಆಗ್ಬಾರ್ದು ಅಂತ ಗ್ಯಾಸ್ ಅಂದ್ಲು ಕಣ್ರೀ ಅವಳು! ನಿಧಾನಕ್ಕೆ ನೋಡಿ ಅಂದ್ಲು! ಒಳ್ಳೆ ಮಾತಾಡಿದ್ಲು ಅಂತ ಮೂಲೇಲಿ ಕೂರಿಸಿ, ಈಗ ಕೂತೇ ಇರ್ಲಿಲ್ಲ ಅಂತೀರಾ?" ಹೊರಗೆ ಕೂತಿದ್ದವರೆಲ್ಲ ಎದ್ದು ಬಾಗಿಲಿಗೆ ಬಂದರು. ಸೆಕ್ಯುರಿಟಿಯವನು ಬಂದ. ಮ್ಯಾನೇಜರ್ "ಸಾರ್, ಸಾರ್" ಎನ್ನುತ್ತಲೇ ಇದ್ದ. ಭಾವ ಆ ಕಾಗದವನ್ನು ಹರಿಯಲೂ ಇಲ್ಲ, ಎಸೆಯಲೂ ಇಲ್ಲ. ಸಹಿಯಿಲ್ಲದೆ ಅವನ ಕಡೆಗೇ ತಳ್ಳಿ ಎದ್ದು ಬಂದರು. ಆಟೋದಲ್ಲಿ ಕೂತ ಮೇಲೆ ಮಗುವಿನ ಹಾಗೆ ಅತ್ತರು. ನೀನು ಹೋದ ದಿನವೂ ಅವರು ಅತ್ತಿರಲಿಲ್ಲ.

ದೂರು ಈಗ ಗ್ರಾಹಕರ ಆಯೋಗಕ್ಕೆ ಹೋಗುತ್ತಿದೆ. ಎಷ್ಟು ವರ್ಷ ಎಳೆಯುತ್ತಾರೋ ಎಳೆಯಲಿ, ನಾನು ಬಿಡುವವಳಲ್ಲ. ನ್ಯಾಯ ಸಿಕ್ಕೀತು ಎಂದು ನಿನಗೆ ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಸುದ್ದಿಯೊಂದಿದೆ, ಅದನ್ನು ಹೇಳಿ ಮುಗಿಸುತ್ತೇನೆ. ನಿನ್ನೆ ನಿನ್ನ ಜೊತೆ ಕೆಲಸ ಮಾಡುತ್ತಿದ್ದ ಸರೋಜಮ್ಮ ನಿಮ್ಮ ಮನೆಗೆ ಬಂದಿದ್ದರು. ಅವರಿಗೆ ವಿಷಯ ಈಗಷ್ಟೇ ಗೊತ್ತಾಯಿತಂತೆ. ಕಣ್ಣೊರೆಸಿಕೊಂಡು, "ಏನಾಗಿತ್ತು ಸಾರ್ ವಸಂತಾಗೆ?" ಎಂದು ಕೇಳಿದರು. ಕಾಫಿ ತರುತ್ತಿದ್ದ ನಾನು ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟೆ, ಮತ್ತೆ ಅದೇ ಮಾತು ಬರುತ್ತದೆ ಎಂದು.

ಭಾವ ನಿನ್ನ ಫೋಟೋದ ಕಡೆ ಒಮ್ಮೆ ನೋಡಿದರು.

"ಎದೆನೋವು ಬಂತು," ಎಂದರು. "ಆಸ್ಪತ್ರೆಯೋರು ಕಾಯಿಸಿದ್ರು."

ನಿನ್ನ
ಶೈಲೂ