ಪುಕ್ಕಟೆ ಮತ

ಜೋಹೋರ್ ಬಾರು, ೯ ಮಾರ್ಚ್ ೨೦೨೨, ಬುಧವಾರ

ಆತ್ಮಸಾಕ್ಷಿಯನ್ನೇ ಸಾಕ್ಷಿಗೆ ಕರೆದು ಒಪ್ಪಿಕೊಳ್ಳುತ್ತೇನೆ: ಇಂದು ಪಕ್ಕದ ಮನೆಯ ಅಂಚೆಪೆಟ್ಟಿಗೆಯಿಂದ ಮೂವರು ಅಭ್ಯರ್ಥಿಗಳ ಕರಪತ್ರ ಕದ್ದೆ. ಶನಿವಾರ ರಾಜ್ಯದ ಚುನಾವಣೆ. ನಮಗೆ ವೀಸಾ ಇದೆ, ಅಭಿಮತವಿದೆ, ಮತವಿಲ್ಲ; ನಮ್ಮ ಪೆಟ್ಟಿಗೆಗೆ ಯಾರೂ ಏನೂ ಹಾಕುವುದಿಲ್ಲ.

ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಅವನ್ನು ಓದಿ, ಇಲ್ಲಿನ ಮಲಯ್ ಭಾಷೆಯಲ್ಲಿ ನನಗಿರುವ ಪಾಂಡಿತ್ಯ ಮೆರೆದೆ. ಒಬ್ಬ ಕೊರೊನಾದಿಂದ ಮುಚ್ಚಿದ ಶಾಲೆಗಳನ್ನು ಪೂರ್ತಿ ತೆರೆಸುತ್ತಾನಂತೆ, ಇನ್ನೊಬ್ಬ ಆನ್‌ಲೈನ್ ಪಾಠಕ್ಕೆ ಟ್ಯಾಬ್ ಕೊಡುತ್ತಾನಂತೆ.

"ಮೂರನೆಯವನೇ ನಮ್ಮವನು ಕಣೇ ವಾರಿಜಾ. 'ಮತ ಪರ್ಚುಮಾ' ಅಂತಾನೆ. ಪರ್ಚುಮಾ ಅಂದ್ರೆ ಪುಕ್ಕಟೆ. ನಮಗೂ ಪುಕ್ಕಟೆ ಮತ!"

"ಮಲಯ್‌ನಲ್ಲೂ ಮತ ಅಂದ್ರೆ ಮತಾನೇನಾ?"

"ಇವರ ಬಹಾಸಾ ನಮ್ಮ ಭಾಷೆ, ಇವರ ಗುರು ನಮ್ಮ ಗುರು. ಮತ ಮಾತ್ರ ಬೇರೆ ಆಗುತ್ತಾ?"

ಮಗಳು ಇಂಚರ ಕರಪತ್ರ ಕಸಿದುಕೊಂಡಳು. "ಅಯ್ಯೋ ಅಪ್ಪಾ, ಮಲಯ್‌ನಲ್ಲಿ ಮತ ಮೀನ್ಸ್ ಐ ಲಾ, ಕಣ್ಣು! ಸ್ಕೂಲ್ ಕಿಡ್ಸ್‌ಗೆ ಫ್ರೀ ಐ ಟೆಸ್ಟ್!"

ಮೂವರೂ ನಕ್ಕೆವು. ಆಮೇಲೆ ನೋಡಿದೆ, ಕರಪತ್ರ ಅವಳ ಮೂಗಿಗೆ ತಾಗುತ್ತಿತ್ತು.

"ಯಾವಾಗಿಂದ ಹೀಗೆ ಓದ್ತೀಯ ಪುಟ್ಟಿ?"

"ಸಿನ್ಸ್ ಆನ್‌ಲೈನ್ ಕ್ಲಾಸ್."

ಎರಡು ವರ್ಷ ಅದೇ ಊಟದ ಮೇಜಿನಲ್ಲಿ, ಅವಳ ಎದುರಿಗೇ ಕೂತು ಆಫೀಸಿನ ಕೆಲಸ ಮಾಡಿದವನು ನಾನು. ಶಾಲೆ ತೆರೆಸುವುದು ನನ್ನ ಕೈಯಲ್ಲಿರಲಿಲ್ಲ, ಸರಿ. ತಲೆಯೆತ್ತಿ ನೋಡುವುದು?

ಮೂವರ ಶಿಕ್ಷಣ ನೀತಿಯ ವ್ಯತ್ಯಾಸ ಕಂಡ ಪಂಡಿತನಿಗೆ ಎರಡು ಭಾಷೆಯಲ್ಲೂ ಮತವಿಲ್ಲ.